ಒಂದೂವರೆ ತಿಂಗಳ ಇಂಜೆಕ್ಷನ್ ದಿನ ಮಗುವಿನ ಕತ್ತನ್ನೂ ಒಂದ್ಸಲ ನೋಡಿ

ಮಾನ್ಯ ಸಂಪಾದಕರೇ,

ನಾನು ಹಾಸನದ ಕಡೆ ಮಕ್ಕಳ ಫಿಸಿಯೋಥೆರಪಿ ಮಾಡೋಳು. ನಿಮ್ಮ ಪೇಪರ್ ಬಾಣಂತಿ ಇರೋ ಮನೆಗಳಲ್ಲೂ ಓದ್ತಾರೆ, ಅಂಗನವಾಡಿಲೂ ಓದ್ತಾರೆ, ಅದಕ್ಕೇ ಈ ವಿಷಯ ನಿಮಗೇ ಬರೀಬೇಕು ಅನ್ನಿಸ್ತು. ಹುಟ್ಟಿದ ಮಗುವಿನ ಕತ್ತು ಯಾವಾಗಲೂ ಒಂದೇ ಕಡೆ ವಾಲಿಕೊಂಡಿದ್ರೆ "ಎಳೆ ಕತ್ತು, ಬೆಳೀತಾ ಬೆಳೀತಾ ಸರಿ ಹೋಗುತ್ತೆ ಬಿಡಿ" ಅಂತ ಅಜ್ಜಿ ಹೇಳ್ತಾರೆ, ಪಕ್ಕದ ಮನೆಯೋರು ಹೇಳ್ತಾರೆ, ಕೆಲವು ಸಲ ಡಾಕ್ಟರೇ ಹೇಳಿ ಕಳಿಸಿರ್ತಾರೆ. ಆ ಮಾತು ನಂಬಿಕೊಂಡು ಮಗುವಿನ ಮೊದಲ ಮೂರ್ನಾಲ್ಕು ತಿಂಗಳು ಸುಮ್ನೆ ಕಳೆದು ಹೋಗುತ್ತೆ, ಈ ತೊಂದರೆ ವಾಸಿ ಮಾಡೋಕೆ ಎಲ್ಲಕ್ಕಿಂತ ಸುಲಭದ ಟೈಮ್ ಇರೋದೇ ಆವಾಗ. ನಾನು ಹೇಳಬೇಕಾಗಿರೋದು ಇಷ್ಟೇ, ಆದ್ರೆ ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ದಯವಿಟ್ಟು ಓದಿ.

ನಮ್ಮ ಕತ್ತಿನಲ್ಲಿ ಎರಡೂ ಪಕ್ಕ ಒಂದೊಂದು ಉದ್ದನೆ ಸ್ನಾಯು ಇದೆ, ಕಿವಿ ಹಿಂದಿನ ಮೂಳೆಯಿಂದ ಶುರುವಾಗಿ ಓರೆಯಾಗಿ ಇಳಿದು ಎದೆ ಮೂಳೆಗೂ ಕಾಲರ್ ಬೋನಿಗೂ ಸೇರುತ್ತೆ. ಕನ್ನಡಿ ಮುಂದೆ ನಿಂತು ಮುಖ ಜೋರಾಗಿ ಒಂದು ಪಕ್ಕಕ್ಕೆ ತಿರುಗಿಸಿದ್ರೆ ಕತ್ತಿನಲ್ಲಿ ಎದ್ದು ಕಾಣೋದು ಅದೇ. ಕೆಲವು ಮಕ್ಕಳಿಗೆ ಹುಟ್ಟುವಾಗಲೇ ಈ ಎರಡರಲ್ಲಿ ಒಂದು ಗಿಡ್ಡ ಆಗಿ, ಬಿಗಿಯಾಗಿ ಇರುತ್ತೆ. ಬಲಗಡೆದು ಬಿಗಿ ಇದ್ರೆ ತಲೆ ಬಲ ಭುಜದ ಕಡೆ ವಾಲುತ್ತೆ, ಗದ್ದ ಎಡಗಡೆ ತಿರುಗಿರುತ್ತೆ. ವಾಲೋದು ಒಂದು ಕಡೆ, ಮುಖ ಇನ್ನೊಂದು ಕಡೆ, ಹಾಗಾಗಿ ಮನೆಯೋರಿಗೆ ತಕ್ಷಣ ಗೊತ್ತಾಗಲ್ಲ, "ಮಗು ಕಿಟಕಿ ಕಡೆ ನೋಡ್ತಿದೆ" ಅಂದ್ಕೊಂಡು ಬಿಡ್ತಾರೆ. ಡಾಕ್ಟರ್ ಚೀಟಿಯಲ್ಲಿ ಕಂಜೆನಿಟಲ್ ಮಸ್ಕ್ಯುಲರ್ ಟಾರ್ಟಿಕಾಲಿಸ್ ಅಂತಲೋ ಬರೀ ಸಿ.ಎಂ.ಟಿ. ಅಂತಲೋ ಬರೆದಿರ್ತಾರೆ. ಸಾವಿರ ಮಕ್ಕಳಲ್ಲಿ 3 ರಿಂದ 20 ಮಕ್ಕಳಿಗೆ ಇದು ಇರುತ್ತೆ ಅಂತ ಪುಸ್ತಕಗಳಲ್ಲಿ ಕೊಡ್ತಾರೆ, ಅಂದ್ರೆ ಅಪರೂಪದ ಕಾಯಿಲೆ ಏನಲ್ಲ, ನಿಮ್ಮ ಬೀದಿಯಲ್ಲೇ ಒಂದು ಮಗು ಇರಬಹುದು.

ಯಾಕೆ ಬರುತ್ತೆ ಅಂದ್ರೆ, ಹೊಟ್ಟೆಯಲ್ಲಿ ಜಾಗ ಇಕ್ಕಟ್ಟಾಗಿ ಕತ್ತು ಬಹಳ ದಿನ ಒಂದೇ ಭಂಗಿಯಲ್ಲಿ ಇದ್ದು ಆ ಸ್ನಾಯುವಿಗೆ ರಕ್ತ ಸರಿಯಾಗಿ ಹೋಗದೆ ಒಳಗೆ ನಾರು ನಾರಾಗಿ ಗಟ್ಟಿ ಆಗುತ್ತೆ ಅನ್ನೋದು ಹೆಚ್ಚಿನ ಡಾಕ್ಟರ್‌ಗಳ ಅಭಿಪ್ರಾಯ. ಮೊದಲ ಹೆರಿಗೆ, ದಪ್ಪ ಮಗು, ಕಾಲು ಕೆಳಗಾಗಿ ಇದ್ದ ಮಗು, ಫೋರ್ಸೆಪ್ಸ್ ಹಾಕಿ ತೆಗೆದ ಮಗು, ಇವರಲ್ಲಿ ಜಾಸ್ತಿ ನೋಡ್ತೀವಿ. ಸಿಸೇರಿಯನ್ ಆದ ಮಕ್ಕಳಲ್ಲೂ ಇರುತ್ತೆ. ನಾನು ಇದನ್ನ ಒತ್ತಿ ಹೇಳ್ತಿರೋದು ಯಾಕಂದ್ರೆ ನನ್ನ ಹತ್ರ ಬರೋ ತಾಯಂದಿರಲ್ಲಿ ಎಷ್ಟೋ ಜನ ಆಗಲೇ ಮನೆಯಲ್ಲಿ ಬೈಸಿಕೊಂಡು ಬಂದಿರ್ತಾರೆ. ಗ್ರಹಣದ ದಿನ ಹೊರಗೆ ಬಂದಿದ್ಲು, ಹಾಲು ಕೊಡೋವಾಗ ಕತ್ತಿಗೆ ಕೈ ಕೊಡಲಿಲ್ಲ, ತೊಟ್ಟಿಲಲ್ಲಿ ಒಂದೇ ಮಗ್ಗುಲಿಗೆ ಮಲಗಿಸಿದ್ಲು, ಹೀಗೆ. ಇಪ್ಪತ್ತೆರಡು ಇಪ್ಪತ್ಮೂರು ವರ್ಷದ ಹುಡುಗಿ, ಹೊಲಿಗೆ ನೋವೇ ಇನ್ನೂ ಹೋಗಿರಲ್ಲ, ಅವಳ ಮೇಲೆ ಇದನ್ನೂ ಹೇರ್ತಾರೆ. ಅತ್ತೆಯವರೇ, ನಿಮ್ಮ ಸೊಸೆಯ ತಪ್ಪು ಇದರಲ್ಲಿ ಏನೂ ಇಲ್ಲ. ನಿಮ್ಮ ಮಗನ ತಪ್ಪೂ ಇಲ್ಲ, ನರ್ಸಮ್ಮನ ತಪ್ಪೂ ಅಲ್ಲ.

ಕೆಲವು ಮಕ್ಕಳಿಗೆ ಹುಟ್ಟಿ ಎರಡರಿಂದ ನಾಲ್ಕು ವಾರಕ್ಕೆ ಆ ಸ್ನಾಯುವಿನ ನಡುವೆ ಸಣ್ಣ ಅಡಿಕೆ ಗಾತ್ರದ ಒಂದು ಗಟ್ಟಿ ಗಂಟು ಕೈಗೆ ಸಿಗುತ್ತೆ. ಎಣ್ಣೆ ಹಚ್ಚುವಾಗ ಯಾರೋ ಮುಟ್ಟಿ ನೋಡಿ ಹೇಳ್ತಾರೆ, ಮನೆಯೆಲ್ಲ ಗಾಬರಿ, ಮೊಬೈಲ್‌ನಲ್ಲಿ ಹುಡುಕ್ತಾರೆ, ಅಲ್ಲಿ ಟ್ಯೂಮರ್ ಅಂತ ಬರುತ್ತೆ, ಆ ರಾತ್ರಿ ಯಾರಿಗೂ ನಿದ್ದೆ ಇರಲ್ಲ. ಇದು ಕ್ಯಾನ್ಸರ್ ಅಲ್ಲ. ಡಾಕ್ಟರ್ ಕೈಯಲ್ಲಿ ಮುಟ್ಟಿ ನೋಡಿ, ಬೇಕು ಅನ್ನಿಸಿದ್ರೆ ಕತ್ತಿನ ಅಲ್ಟ್ರಾಸೌಂಡ್ ಮಾಡಿಸಿದ್ರೆ ಗೊತ್ತಾಗುತ್ತೆ, ಸಾಮಾನ್ಯವಾಗಿ ಸೂಜಿ ಚುಚ್ಚಿ ತೆಗೆಯೋದು ಕೊಯ್ಯೋದು ಏನೂ ಬೇಕಾಗಲ್ಲ. ಗಂಟು ಕೆಲವು ವಾರ ದೊಡ್ಡದಾಗಿ ಆಮೇಲೆ ನಿಧಾನಕ್ಕೆ ಕರಗಿ ನಾಲ್ಕರಿಂದ ಎಂಟು ತಿಂಗಳಲ್ಲಿ ಮಾಯ ಆಗುತ್ತೆ. ಮನೆಯೋರು ಮೋಸ ಹೋಗೋದು ಇಲ್ಲೇ. ಗಂಟು ಹೋಯ್ತು, ಕಾಯಿಲೆ ಹೋಯ್ತು ಅಂದ್ಕೊಂಡು ನಿಶ್ಚಿಂತೆ ಆಗ್ತಾರೆ, ಆದ್ರೆ ಗಂಟು ಕರಗಿದ ಮೇಲೂ ಸ್ನಾಯು ಗಿಡ್ಡವಾಗೇ ಉಳಿದಿರಬಹುದು, ಅಲ್ಲಿ ಬೆರಳಿಗೆ ಹುರಿಯಂತೆ ಬಿಗಿ ಸಿಗುತ್ತೆ. ಗಂಟಿಗಿಂತ ಕತ್ತು ಎರಡೂ ಕಡೆ ಸಮವಾಗಿ ತಿರುಗುತ್ತಾ ಇಲ್ವಾ ಅನ್ನೋದನ್ನ ನೋಡಬೇಕು.

ಮನೆಯಲ್ಲಿ ಕಂಡುಹಿಡಿಯೋದು ಕಷ್ಟ ಏನಿಲ್ಲ. ಈಗ ಎಲ್ಲರ ಫೋನಲ್ಲೂ ಮಗುವಿನ ಫೋಟೋ ನೂರಾರು ಇರುತ್ತೆ, ನಾಮಕರಣದ್ದು, ತೊಟ್ಟಿಲು ಶಾಸ್ತ್ರದ್ದು, ಸುಮ್ನೆ ಮಲಗಿದ್ದು, ಅವನ್ನೆಲ್ಲ ಒಂದರ ಪಕ್ಕ ಒಂದು ತಳ್ಳಿ ನೋಡಿ. ಎಲ್ಲದರಲ್ಲೂ ತಲೆ ಒಂದೇ ಕಡೆ ವಾಲಿದ್ರೆ ತೋರಿಸಬೇಕು. ಇನ್ನೊಂದು, ಮಗುವಿನ ಕತ್ತಿನ ಮಡಿಕೆ ಬಿಡಿಸಿ ನೋಡಿ. ಬಿಗಿ ಇರೋ ಕಡೆ ಮಡಿಕೆ ಆಳವಾಗಿರುತ್ತೆ, ಅಲ್ಲಿ ಹಾಲು ಬೆವರು ಸೇರಿ ಚರ್ಮ ಕೆಂಪಗಾಗಿ ಒಂಥರ ಹುಳಿ ವಾಸನೆ ಬರ್ತಿರುತ್ತೆ, ಇನ್ನೊಂದು ಕಡೆ ಒಣಗಿ ಚೆನ್ನಾಗಿರುತ್ತೆ. ಪೌಡರ್ ಹಾಕಿ ಹಾಕಿ ಸಾಕಾಗಿ ಬಂದಿರೋ ತಾಯಂದಿರು ಇದಾರೆ, ಕಾರಣ ಕತ್ತಿನ ಒಳಗಿದೆ ಅಂತ ಯಾರೂ ಹೇಳಿರಲ್ಲ. ಒಂದು ಕಡೆ ಹಾಲು ಚೆನ್ನಾಗಿ ಕುಡಿದು ಇನ್ನೊಂದು ಕಡೆ ಹಾಕಿದ ತಕ್ಷಣ ಕಿರುಚೋದು, ತಲೆ ಹಿಂಭಾಗ ಒಂದೇ ಪಕ್ಕ ಚಪ್ಪಟೆ ಆಗ್ತಿರೋದು, ಮೇಲಿಂದ ನೋಡಿದ್ರೆ ಒಂದು ಕಿವಿ ಮುಂದೆ ಬಂದ ಹಾಗೆ ಕಾಣೋದು, ಇವೂ ಲಕ್ಷಣಗಳೇ. ಗದ್ದ ಎಡಕ್ಕೆ ತಿರುಗಿರೋ ಮಗು ಯಾವಾಗಲೂ ತಲೆಯ ಎಡ ಹಿಂಭಾಗದ ಮೇಲೇ ಭಾರ ಹಾಕಿ ಮಲಗುತ್ತೆ, ತಲೆಬುರುಡೆ ಇನ್ನೂ ಮೆತ್ತಗಿರೋದ್ರಿಂದ ಅಲ್ಲೇ ತಟ್ಟಿದ ಹಾಗೆ ಆಗುತ್ತೆ.

ಈಗ ನೀರು ಹಾಕೋ ಅಜ್ಜಿಯರ ವಿಷಯ. ನನಗೆ ಅವರ ಮೇಲೆ ಗೌರವ ಇದೆ, ಮಗುವಿನ ಮೈ ಅವರಷ್ಟು ಮುಟ್ಟಿ ತಿಳಿದೋರು ಯಾರೂ ಇಲ್ಲ, ಎಷ್ಟೋ ಸಲ ಗಂಟು ಮೊದಲು ಸಿಗೋದು ಅವರ ಕೈಗೇ. ಆದ್ರೆ ಕತ್ತು ವಾಲಿದೆ ಅಂತ ನೆಟಿಗೆ ತೆಗೆಯೋದು, ಗಂಟನ್ನ ಹೆಬ್ಬೆರಳಲ್ಲಿ ಒತ್ತಿ ಉಜ್ಜಿ ಕರಗಿಸ್ತೀನಿ ಅನ್ನೋದು, ಕಾಲು ಹಿಡಿದು ತಲೆಕೆಳಗೆ ಮಾಡಿ ಜಗ್ಗೋದು, ಇದೆಲ್ಲ ಮಾತ್ರ ಬೇಡವೇ ಬೇಡ. ಎಳೆ ಮಗುವಿನ ಕತ್ತನ್ನ ಝಾಡಿಸಿ ತಿರುಗಿಸಿದ್ರೆ ಆಗೋ ಅಪಾಯ ದೊಡ್ಡದು. ಎಣ್ಣೆ ಹಚ್ಚಿ ಮೆಲ್ಲಗೆ ಸವರಿ, ಬಿಸಿನೀರು ಹಾಕಿ, ಅದಕ್ಕೇನೂ ತೊಂದರೆ ಇಲ್ಲ. ಸಾಸಿವೆ ದಿಂಬೂ ಅಷ್ಟೇ, ಅದರಿಂದ ಕತ್ತಿನ ಸ್ನಾಯು ಉದ್ದ ಆಗಲ್ಲ, ಮೇಲಾಗಿ ಹಸುಗೂಸಿಗೆ ಮಲಗುವಾಗ ದಿಂಬು ಇಡಬಾರದು ಅಂತಲೇ ಈಗ ಮಕ್ಕಳ ಡಾಕ್ಟರ್‌ಗಳು ಹೇಳೋದು.

ಹಾಗಾದ್ರೆ ಚಿಕಿತ್ಸೆ ಏನು ಅಂದ್ರೆ, ಹೆಚ್ಚಿನ ಮಕ್ಕಳಿಗೆ ಔಷಧಿ ಇಲ್ಲ, ಮಿಷನ್ ಇಲ್ಲ, ದುಡ್ಡಿನ ಖರ್ಚೂ ಹೆಚ್ಚಿಲ್ಲ, ಕೈಯಿಂದ ಮಾಡೋ ವ್ಯಾಯಾಮ ಮತ್ತೆ ಮಗುವನ್ನ ಎತ್ಕೊಳ್ಳೋ ಮಲಗಿಸೋ ರೀತಿ ಬದಲಾಯಿಸೋದು, ಅಷ್ಟೇ. ಬಲಗಡೆ ಬಿಗಿ ಇರೋ ಮಗುವಿಗೆ ಒಂದು ಕೈಯಲ್ಲಿ ಬಲ ಭುಜ ಮೆಲ್ಲಗೆ ಹಿಡಿದು ಇನ್ನೊಂದು ಕೈಯಲ್ಲಿ ತಲೆಯನ್ನ ಎಡ ಭುಜದ ಕಡೆ ಬಾಗಿಸ್ತೀವಿ, ಆಮೇಲೆ ಬೇರೆಯಾಗಿ ಗದ್ದವನ್ನ ಬಲ ಭುಜದ ಕಡೆ ತಿರುಗಿಸ್ತೀವಿ, ಹಾಗೇ ಸ್ವಲ್ಪ ಹೊತ್ತು ಹಿಡಿದು ಬಿಡ್ತೀವಿ. ಜಗ್ಗೋದಿಲ್ಲ, ಮಗು ಅತ್ತು ಕತ್ತು ಗಟ್ಟಿ ಮಾಡ್ಕೊಂಡ್ರೆ ನಿಲ್ಲಿಸ್ತೀವಿ. ಇದನ್ನ ಪೇಪರ್ ಓದಿಯೋ ವಿಡಿಯೋ ನೋಡಿಯೋ ಶುರು ಮಾಡಬೇಡಿ, ಒಂದ್ಸಲ ಫಿಸಿಯೋಥೆರಪಿಸ್ಟ್ ಎದುರಿಗೆ ಕೂತು ನಿಮ್ಮ ಕೈಯಲ್ಲೇ ಮಾಡಿ ತೋರಿಸಿ, ಸರಿ ಇದೆ ಅಂದ ಮೇಲೆ ಮನೆಯಲ್ಲಿ ಮಾಡಿ. ದಿನಕ್ಕೆ ಹಲವು ಸಲ ಮಾಡಬೇಕಾಗುತ್ತೆ, ಬಟ್ಟೆ ಬದಲಾಯಿಸಿದಾಗೆಲ್ಲ ಒಂದ್ಸಲ ಅಂತ ಇಟ್ಕೊಂಡ್ರೆ ಮರೆಯಲ್ಲ. ವಾರಕ್ಕೊಮ್ಮೆ ನನ್ನ ಹತ್ರ ಬಂದು ಹೋದ್ರೆ ಮಾತ್ರ ಸರಿ ಹೋಗಲ್ಲ, ಉಳಿದ ಆರು ದಿನ ಮನೆಯಲ್ಲಿ ನಡೀಬೇಕು.

ಇದಕ್ಕಿಂತ ಜಾಸ್ತಿ ಕೆಲಸ ಮಾಡೋದು ಮಗು ತಾನಾಗೇ ತಿರುಗೋ ಹಾಗೆ ಮಾಡೋದು. ಅದೇ ಬಲಗಡೆ ಬಿಗಿ ಇರೋ ಮಗುವನ್ನ ತಗೊಳ್ಳಿ, ಅದು ಬಲಕ್ಕೆ ಮುಖ ತಿರುಗಿಸಬೇಕು. ಹಾಗಾಗಿ ಮಲಗಿಸುವಾಗ ಎಡಗಡೆ ಗೋಡೆ ಬರಲಿ, ಬಲಗಡೆ ಬಾಗಿಲು, ಬೆಳಕು, ಓಡಾಡೋ ಜನ ಬರಲಿ, ಅಮ್ಮನೂ ಬಲಗಡೆಯಿಂದಲೇ ಮಾತಾಡಿಸಲಿ, ಗಿಲಕಿ ಬಲಗಡೆಯಿಂದಲೇ ಅಲ್ಲಾಡಿಸಿ. ಎಚ್ಚರ ಇದ್ದಾಗ, ಯಾರಾದ್ರೂ ಪಕ್ಕದಲ್ಲಿ ಕೂತು, ಮಗುವನ್ನ ಬೋರಲು ಹಾಕಿ. ಚಾಪೆ ಮೇಲೋ ನಿಮ್ಮ ಎದೆ ಮೇಲೋ, ಮೊದಲು ಒಂದೆರಡು ನಿಮಿಷ, ಆಮೇಲೆ ಜಾಸ್ತಿ ಮಾಡ್ತಾ ಹೋಗಿ, ಕತ್ತು ಎತ್ತೋಕೆ ಪ್ರಯತ್ನಿಸಿದಾಗೆಲ್ಲ ಸ್ನಾಯುಗಳಿಗೆ ಶಕ್ತಿ ಬರುತ್ತೆ. ನಿದ್ದೆ ಮಾತ್ರ ಯಾವಾಗಲೂ ಅಂಗಾತ. ಬಟ್ಟೆ ಜೋಲಿಯಲ್ಲಿ ಗಂಟೆಗಟ್ಟಲೆ ಬಿಡೋದು ಕಮ್ಮಿ ಮಾಡಿ, ಅದರಲ್ಲಿ ಮಗು ಸುರುಟಿಕೊಂಡು ಹೇಗೆ ವಾಲಿದೆಯೋ ಹಾಗೇ ಇರುತ್ತೆ. ಎತ್ಕೊಳ್ಳುವಾಗ ಮಗುವಿನ ಬೆನ್ನು ನಿಮ್ಮ ಎದೆಗೆ ಬರೋ ಹಾಗೆ, ಬಿಗಿ ಇರೋ ಬಲ ಮಗ್ಗುಲು ಕೆಳಗೆ ಮಾಡಿ ಅಡ್ಡ ಹಿಡ್ಕೊಂಡು, ನಿಮ್ಮ ಮುಂಗೈ ಅದರ ಬಲ ಕಿವಿಗೂ ಭುಜಕ್ಕೂ ನಡುವೆ ಬಂದ್ರೆ, ಆ ಕಡೆ ಎಳೆತ ಸಿಗುತ್ತೆ, ಈ ಕಡೆ ಮಗು ತಾನೇ ತಲೆ ಎತ್ತುತ್ತೆ. ಇದನ್ನ ಅಪ್ಪಂದಿರು ಬಹಳ ಚೆನ್ನಾಗಿ ಮಾಡ್ತಾರೆ, ಕೈ ಉದ್ದ ಇರುತ್ತೆ, ನನ್ನ ಹತ್ರ ಬರೋ ಅಪ್ಪಂದಿರಿಗೆ ಮೊದಲು ಕಲಿಸೋದೇ ಇದು. ಎಡಗಡೆ ಬಿಗಿ ಇರೋ ಮಗುವಿಗೆ ಎಲ್ಲಾನೂ ಉಲ್ಟಾ.

ಬೇಗ ಶುರು ಮಾಡಿ ಅಂತ ಇಷ್ಟು ಬಡ್ಕೊಳ್ಳೋಕೆ ಕಾರಣ ಹೇಳ್ತೀನಿ. ಅಮೆರಿಕದ ಮಕ್ಕಳ ಫಿಸಿಯೋಥೆರಪಿಸ್ಟ್‌ಗಳು ಅಲ್ಲಿವರೆಗಿನ ಅಧ್ಯಯನಗಳನ್ನೆಲ್ಲ ಸೇರಿಸಿ 2013ರಲ್ಲಿ ಒಂದು ಮಾರ್ಗಸೂಚಿ ಮಾಡಿದಾರೆ, 2018ರಲ್ಲಿ ಮತ್ತೆ ತಿದ್ದಿದಾರೆ. ಒಂದು ತಿಂಗಳ ಒಳಗೆ ಶುರು ಮಾಡಿದ ಮಕ್ಕಳಲ್ಲಿ ಶೇ 98ರಷ್ಟು ಮಕ್ಕಳ ಕತ್ತು ಸುಮಾರು ಒಂದೂವರೆ ತಿಂಗಳಲ್ಲಿ ಹತ್ತಿರ ಹತ್ತಿರ ಪೂರ್ತಿ ತಿರುಗೋಕೆ ಶುರುವಾಗುತ್ತೆ, ಒಂದು ತಿಂಗಳು ದಾಟಿದ್ರೆ ಅದೇ ಕೆಲಸಕ್ಕೆ ಆರು ತಿಂಗಳ ಹತ್ರ ಬೇಕಾಗುತ್ತೆ, ಆರು ತಿಂಗಳು ದಾಟಿ ಬಂದ್ರೆ ಒಂಬತ್ತು ಹತ್ತು ತಿಂಗಳು. ಆರು ತಿಂಗಳ ಮಗು ಸುಮ್ನೆ ಮಲಗಿ ಕತ್ತು ಹಿಡಿಯೋಕೆ ಬಿಡುತ್ತಾ ಹೇಳಿ, ಕೈ ತಳ್ಳುತ್ತೆ, ಉರುಳುತ್ತೆ, ಅಮ್ಮ ಬೇಕು ಅಂತ ಗಲಾಟೆ. ತಿಂಗಳ ಕೂಸಿಗೆ ಹಾಲು ಕುಡಿಸಿ ನಿದ್ದೆ ಜೊಂಪಲ್ಲಿ ಇದ್ದಾಗ ಮಾಡಿದ್ರೆ ಕಣ್ಣು ಕೂಡ ಬಿಡಲ್ಲ. ಹಾಂಗ್‌ಕಾಂಗ್‌ನಲ್ಲಿ 821 ಮಕ್ಕಳನ್ನ ನೋಡಿ 2001ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನದಲ್ಲೂ ಬಹುಪಾಲು ಮಕ್ಕಳಿಗೆ ಕೈ ವ್ಯಾಯಾಮದಲ್ಲೇ ಗುಣ ಆಗಿತ್ತು, ಆಪರೇಷನ್ ಬೇಕಾಗಿದ್ದು ಸ್ವಲ್ಪ ಜನಕ್ಕೆ ಮಾತ್ರ.

ಆಪರೇಷನ್ ಅಂದ್ರೆ ಹೆದರೋದು ಬೇಡ, ಆದ್ರೆ ಅದು ಕೊನೆಗೆ. ಆರು ತಿಂಗಳಿಗಿಂತ ಜಾಸ್ತಿ ಸರಿಯಾಗಿ ವ್ಯಾಯಾಮ ಮಾಡಿಯೂ ಕತ್ತು ತಿರುಗದೆ ಉಳಿದ್ರೆ, ಸಾಮಾನ್ಯವಾಗಿ ಒಂದು ವರ್ಷ ತುಂಬಿದ ಮೇಲೆ, ಬಿಗಿ ಆದ ಸ್ನಾಯುವನ್ನ ಅದು ಅಂಟಿರೋ ಕಡೆ ಬಿಡಿಸ್ತಾರೆ, ಆಮೇಲೂ ಕೆಲವು ತಿಂಗಳು ಫಿಸಿಯೋಥೆರಪಿ ಬೇಕು. ನನ್ನ ಹತ್ರ ಬಂದ ಒಂದು ಹುಡುಗಿ ಯುಕೆಜಿಯಲ್ಲಿದ್ಲು, ಶಾಲೆ ಐಡಿ ಕಾರ್ಡ್ ಫೋಟೋ ತೆಗೆಯೋನು ಎಷ್ಟು ಸಲ "ನೇರ ಕೂತ್ಕೋ ಪುಟ್ಟಿ" ಅಂದ್ರೂ ತಲೆ ನೇರ ಆಗದೆ ಟೀಚರ್ ಗಮನಿಸಿ ಮನೆಗೆ ಹೇಳಿ ಕಳಿಸಿದ್ರು. ಮುಖದ ಒಂದು ಪಕ್ಕ ಆಗಲೇ ಸಣ್ಣದಾಗಿತ್ತು, ಕಣ್ಣುಗಳು ಒಂದು ಮೇಲೆ ಒಂದು ಕೆಳಗೆ ಕಾಣ್ತಿತ್ತು. ಆಪರೇಷನ್ ಆಯ್ತು, ಕತ್ತು ಈಗ ಚೆನ್ನಾಗಿ ತಿರುಗುತ್ತೆ, ಮುಖನೂ ನಿಧಾನಕ್ಕೆ ಸರಿ ಹೋಗ್ತಾ ಇದೆ, ನಗ್ತಾ ಬರ್ತಾಳೆ. ಆದ್ರೂ ಆ ಮಗುವಿಗೆ ಕತ್ತಿನ ಬುಡದಲ್ಲಿ ಒಂದು ಗಾಯದ ಗುರುತು, ಆ ಕುಟುಂಬಕ್ಕೆ ಆಸ್ಪತ್ರೆ ಓಡಾಟ, ಕೂಲಿ ಬಿಟ್ಟು ಕೂತ ದಿನಗಳು, ಇವೆಲ್ಲ ಇಲ್ಲದೇ ಆಗಬಹುದಿತ್ತಲ್ಲ ಅಂತ ನನಗೆ ಸಂಕಟ ಆಗುತ್ತೆ. "ಸೊಟ್ಟ ಕತ್ತು" ಅಂತ ಮಕ್ಕಳು ಕರೀತಿದ್ರಂತೆ.

ಚಪ್ಪಟೆ ತಲೆಗೆ ಅಂತ ಹೆಲ್ಮೆಟ್ ಮಾರೋರು ಈಗ ಶುರುವಾಗಿದಾರೆ. ಕೆಲವು ಮಕ್ಕಳಿಗೆ, ಚಪ್ಪಟೆ ಬಹಳ ಜಾಸ್ತಿ ಇದ್ದು ಭಂಗಿ ಬದಲಾಯಿಸಿ ಸರಿ ಹೋಗದಿದ್ರೆ, ಅದು ಬೇಕಾಗಬಹುದು. ಆದ್ರೆ ಎರಡು ತಿಂಗಳ ಮಗುವಿಗೆ ಕತ್ತಿನ ವ್ಯಾಯಾಮ ಒಂದೂ ಹೇಳದೆ ನೇರ ಹೆಲ್ಮೆಟ್‌ಗೆ ಅಳತೆ ತಗೊಂಡು ಕಳಿಸಿದ್ದನ್ನ ನಾನು ನೋಡಿದೀನಿ, ಸಾಲ ಮಾಡೋಕೆ ಹೊರಟಿದ್ರು ಆ ಅಪ್ಪ ಅಮ್ಮ. ಕತ್ತು ಬಿಗಿ ಬಿಡಿಸದೆ ತಲೆಗೆ ಏನು ಹಾಕಿದ್ರೆ ಏನು ಪ್ರಯೋಜನ.

ಇನ್ನು ಒಂದು ಬಹಳ ಮುಖ್ಯವಾದದ್ದು. ವಾಲಿದ ಕತ್ತೆಲ್ಲ ಸ್ನಾಯುವಿನ ಬಿಗಿ ಅಲ್ಲ, ಅದಕ್ಕೇ ಮೊದಲು ಮಕ್ಕಳ ಡಾಕ್ಟರ್ ನೋಡಲೇಬೇಕು ಅನ್ನೋದು. ಕೆಲವರಿಗೆ ಕತ್ತಿನ ಮೂಳೆಗಳೇ ಹುಟ್ಟುವಾಗ ಅಂಟಿಕೊಂಡಿರುತ್ತೆ, ಅಂಥ ಕತ್ತನ್ನ ಎಳೆಯಲೇಬಾರದು. ಕೆಲವರಿಗೆ ಕಣ್ಣಿನ ಸ್ನಾಯುವಿನ ತೊಂದರೆ, ಎರಡೆರಡು ಕಾಣೋದನ್ನ ತಪ್ಪಿಸೋಕೆ ಮಗು ತಾನೇ ತಲೆ ವಾಲಿಸುತ್ತೆ. ಅಂಥ ಒಂದು ಮಗು ಬಂದಿತ್ತು, ಕತ್ತು ಎರಡೂ ಕಡೆ ಪೂರ್ತಿ ತಿರುಗ್ತಿತ್ತು, ಬಿಗಿ ಎಲ್ಲೂ ಇಲ್ಲ, ಕೂತು ಆಟ ಆಡುವಾಗ ಮಾತ್ರ ವಾಲಿಸ್ತಿತ್ತು, ಒಂದು ಕಣ್ಣು ಮುಚ್ಚಿದ ತಕ್ಷಣ ತಲೆ ನೇರ ಆಯ್ತು, ಕಣ್ಣಿನ ಡಾಕ್ಟರ್ ಹತ್ರ ಕಳಿಸಿದ್ವಿ. ಮೊದಲು ಸರಿ ಇದ್ದ ಕತ್ತು ಇದ್ದಕ್ಕಿದ್ದ ಹಾಗೆ ವಾಲಿದ್ರೆ, ಜ್ವರ ಗಂಟಲು ನೋವು ಆದ ಮೇಲೆ ಕತ್ತು ತಿರುಗಿಸೋಕೆ ಅತ್ರೆ, ಬಿದ್ದು ಪೆಟ್ಟಾಗಿದ್ರೆ, ವಾಂತಿ, ತೂರಾಟ ಜೊತೆಗಿದ್ರೆ ಅವತ್ತೇ ಆಸ್ಪತ್ರೆಗೆ ಹೋಗಿ, ವ್ಯಾಯಾಮ ಗೀಯಾಮ ಆಮೇಲೆ. ಕತ್ತು ಬಿಗಿ ಇರೋ ಮಕ್ಕಳಲ್ಲಿ ಸೊಂಟದ ಕೀಲು ಸರಿಯಾಗಿ ಕೂತಿರದ ತೊಂದರೆಯೂ ಬೇರೆ ಮಕ್ಕಳಿಗಿಂತ ಜಾಸ್ತಿ, ಆದ್ದರಿಂದ ಡಾಕ್ಟರ್‌ಗೆ "ಸೊಂಟನೂ ನೋಡಿ ಸಾರ್" ಅಂತ ನೀವೇ ಕೇಳಿ. ಮೊದಲ ನಾಲ್ಕು ತಿಂಗಳು ಅದಕ್ಕೆ ಎಕ್ಸ್‌ರೇಗಿಂತ ಅಲ್ಟ್ರಾಸೌಂಡ್ ಸರಿ.

ಈಗ ಇಲಾಖೆಯವರಿಗೆ ನನ್ನ ವಿನಂತಿ. ಆಸ್ಪತ್ರೆಯಲ್ಲಿ ಹೆರಿಗೆ ಆದ ಮಗುವಿನ ಮನೆಗೆ ಆಶಾ ಅಕ್ಕಂದಿರು 3, 7, 14, 21, 28 ಮತ್ತು 42ನೇ ದಿನ ಹೋಗ್ತಾರೆ. ಆರು, ಹತ್ತು, ಹದಿನಾಲ್ಕು ವಾರಕ್ಕೆ ಇಂಜೆಕ್ಷನ್‌ಗೆ ಅಂತ ತಾಯಂದಿರೇ ಮಗು ಎತ್ಕೊಂಡು ಬರ್ತಾರೆ. ಗಂಟು ಕಾಣಿಸೋ ಸಮಯವೂ, ಚಿಕಿತ್ಸೆ ಶುರು ಮಾಡಬೇಕಾದ ಸಮಯವೂ ಈ ಭೇಟಿಗಳ ನಡುವೆನೇ ಬರುತ್ತೆ. ಮಗುವನ್ನ ಅಂಗಾತ ಮಲಗಿಸಿ ಮುಖ ಎರಡೂ ಕಡೆ ತಿರುಗುತ್ತಾ ನೋಡೋಕೆ, ಕತ್ತಿನ ಎರಡೂ ಪಕ್ಕ ಬೆರಳು ಸವರೋಕೆ ಒಂದು ನಿಮಿಷ ಸಾಕು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಹುಟ್ಟು ದೋಷಗಳ ಪಟ್ಟಿಯಲ್ಲಿ ತಿರುಚಿದ ಪಾದ ಇದೆ, ಸೊಂಟದ ಕೀಲು ಇದೆ, ಸೀಳು ತುಟಿ ಇದೆ, ಕತ್ತು ಮಾತ್ರ ಹೆಸರು ಹಿಡಿದು ಸೇರಿಲ್ಲ. ಪಟ್ಟಿ ಬದಲಾಯಿಸೋಕೆ ದೆಹಲಿಯಿಂದ ಆಗಬೇಕು ಅಂದ್ರೆ ಅಲ್ಲಿವರೆಗೆ ನಮ್ಮ ರಾಜ್ಯದವರು ತಾಯಿ ಕಾರ್ಡ್‌ನಲ್ಲಿ "ಕತ್ತು ಎರಡೂ ಕಡೆ ತಿರುಗುತ್ತದೆಯೇ" ಅಂತ ಒಂದು ಸಾಲು ಸೇರಿಸಬಹುದು, ಆಶಾ ತರಬೇತಿಯಲ್ಲಿ ಒಂದು ಗೊಂಬೆ ಇಟ್ಕೊಂಡು ಹದಿನೈದು ನಿಮಿಷ ತೋರಿಸಬಹುದು. ತೋರಿಸೋಕೆ ನಾನು ಬರ್ತೀನಿ, ನನ್ನ ಥರ ಬೇರೆ ಫಿಸಿಯೋಥೆರಪಿಸ್ಟ್‌ಗಳೂ ಬರ್ತಾರೆ.

ಓದುಗರಿಗೆ, ದುಡ್ಡಿಲ್ಲ ಅಂತ ಸುಮ್ಮನಿರಬೇಡಿ. ಇದೇ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದಲ್ಲಿ ಡಿ.ಇ.ಐ.ಸಿ. ಅಂತ ಮಕ್ಕಳ ಕೇಂದ್ರ ಇರಬೇಕು, ಅಲ್ಲಿ ಫಿಸಿಯೋಥೆರಪಿಸ್ಟ್ ಇರಬೇಕು ಅಂತ ಯೋಜನೆಯಲ್ಲೇ ಇದೆ, ಚಿಕಿತ್ಸೆ ಉಚಿತ. ತಾಯಿ ಕಾರ್ಡ್ ತಗೊಂಡು ನಿಮ್ಮ ಜಿಲ್ಲಾ ಆಸ್ಪತ್ರೆಗೆ ಹೋಗಿ ಹೆಸರು ಹೇಳಿ ಕೇಳಿ. ದೂರ ಇದ್ರೆ ಮೊದಲ ಸಲ ಮಾತ್ರ ಅಪ್ಪ ಅಮ್ಮ ಇಬ್ಬರೂ ಬನ್ನಿ, ಸಾಧ್ಯ ಆದ್ರೆ ಮಗು ನೋಡ್ಕೊಳ್ಳೋ ಅಜ್ಜಿನೂ ಬರಲಿ, ಮೂರು ಜನ ಕಲಿತ್ರೆ ಮನೆಯಲ್ಲಿ ಒಬ್ಬರಾದ್ರೂ ಮಾಡ್ತಾರೆ. ಕತ್ತು ನೇರ ಆಯ್ತು ಅಂತ ಮಧ್ಯದಲ್ಲಿ ಬಿಡಬೇಡಿ, ಎರಡೂ ಕಡೆ ಸಮ ಆಯ್ತು ಅಂತ ಅಳತೆ ಮಾಡಿ ಹೇಳೋವರೆಗೂ ಬನ್ನಿ, ಆಮೇಲೆ ನಡೆಯೋಕೆ ಶುರು ಮಾಡಿದಾಗ ಮತ್ತೊಂದ್ಸಲ ತೋರಿಸಿ, ಕೆಲವು ಮಕ್ಕಳಿಗೆ ಆವಾಗ ಮತ್ತೆ ವಾಲಿದ ಹಾಗೆ ಕಾಣುತ್ತೆ.

ಸಂಪಾದಕರೇ, ಪತ್ರ ಉದ್ದ ಆಯ್ತು ಅಂತ ಗೊತ್ತು, ಜಾಗ ಸಾಲದಿದ್ರೆ ನನ್ನ ಅಭಿಪ್ರಾಯಗಳನ್ನ ಎಲ್ಲಿ ಬೇಕಾದ್ರೂ ಕತ್ತರಿಸಿ. ಮನೆಯಲ್ಲಿ ನೋಡಬೇಕಾದ ಲಕ್ಷಣಗಳು, ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು, ಮತ್ತೆ ನೆಟಿಗೆ ತೆಗೆಯಬೇಡಿ ಅಂತ ಬರೆದಿರೋದು, ಈ ಮೂರನ್ನ ಮಾತ್ರ ದಯವಿಟ್ಟು ಬಿಡಬೇಡಿ.

ಇಂತಿ,
ಮಕ್ಕಳ ಫಿಸಿಯೋಥೆರಪಿಸ್ಟ್ ಒಬ್ಬಳು, ಹಾಸನ